ಸಾಲೆಮ್: ಸನ್ಯಾಸಿಗಳ ಮಠದಲ್ಲಿ ಹುಟ್ಟಿದ ಶಾಲೆಯ ಕಥೆ

ಜರ್ಮನಿಯ ಶ್ರೀಮಂತರ ವಸತಿ ಶಾಲೆ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಸಾಲೆಮ್. ದಕ್ಷಿಣದ ಕಾನ್‌ಸ್ಟನ್ಸ್ ಸರೋವರದ ಹತ್ತಿರವಿರುವ ಈ ಶಾಲೆ ನಡೆಯುವುದು ಹಳೇ ಮಠದ ಕಟ್ಟಡದಲ್ಲಿ.

12ನೇ ಶತಮಾನದಲ್ಲಿ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಇಲ್ಲಿ ನೆಲೆಯೂರಿದರು. 1697ರಲ್ಲಿ ಬೆಂಕಿ ಬಿದ್ದು ಮಠದ ಬಹುಭಾಗ ಸುಟ್ಟುಹೋಯಿತು. ಈಗ ಕಾಣುವ ಭವ್ಯ ಕಟ್ಟಡ ಆಮೇಲೆ ಕಟ್ಟಿದ್ದು. ನೆಪೋಲಿಯನ್ ಕಾಲದಲ್ಲಿ ಫ್ರಾನ್ಸ್‌ಗೆ ನೆಲ ಕಳೆದುಕೊಂಡ ಜರ್ಮನ್ ಅರಸರಿಗೆ ಚರ್ಚಿನ ಆಸ್ತಿಯನ್ನು ಪರಿಹಾರವಾಗಿ ಹಂಚಿದಾಗ ಸಾಲೆಮ್ ಬಾಡೆನ್ ರಾಜಮನೆತನದ ಪಾಲಾಯಿತು.

ಶಾಲೆ ಹುಟ್ಟಿದ್ದು ಮೊದಲ ಮಹಾಯುದ್ಧದ ಸೋಲಿನ ನೋವಿನಲ್ಲಿ. 1918ರ ನವೆಂಬರ್ 9ರಂದು ಚಕ್ರವರ್ತಿ ಪಟ್ಟ ಬಿಟ್ಟರೆಂದು ಘೋಷಿಸಿದ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಇದೇ ಮನೆತನದ ರಾಜಕುಮಾರ ಮ್ಯಾಕ್ಸ್. ಅಧಿಕಾರ ಬಿಟ್ಟು ಊರಿಗೆ ಮರಳಿದ ಅವರು, ತಮ್ಮ ಕಾರ್ಯದರ್ಶಿ ಕುರ್ಟ್ ಹಾನ್ ಜೊತೆ ಸೇರಿ 1920ರಲ್ಲಿ ಶಾಲೆ ತೆರೆದರು. ಹೊಣೆ ಹೊರಬಲ್ಲ ಜನರಿಲ್ಲದೆ ದೇಶ ಮತ್ತೆ ಏಳದು ಅನ್ನೋದು ಹಾನ್ ನಂಬಿಕೆ.

ಹಾಗಾಗಿ ಪಾಠದಷ್ಟೇ ಬೆಲೆ ನಡತೆಗೂ ಇತ್ತು. ಬೆಳಗ್ಗೆ ಎದ್ದು ಓಟ. ಪ್ರತಿ ಮಗುವಿಗೂ ಒಂದು ದಿನಚರಿ ಪಟ್ಟಿ: ಓಡಿದೆನಾ, ವ್ಯಾಯಾಮ ಮಾಡಿದೆನಾ, ಒಪ್ಪಿಕೊಂಡ ಕೆಲಸ ಮುಗಿಸಿದೆನಾ ಎಂದು ರಾತ್ರಿ ತಾನೇ ಗುರುತು ಹಾಕಬೇಕು. ಅದನ್ನು ಯಾರೂ ತಪಾಸಣೆ ಮಾಡುತ್ತಿರಲಿಲ್ಲ. ನಂಬಿ ಬಿಡುವುದೇ ಶಿಕ್ಷಣ! ನನಗಂತೂ ಈ ಶಾಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಈ ಪಟ್ಟಿಯೇ.

ನಿಜವಾದ ಪರೀಕ್ಷೆ ಬಂದದ್ದು 1932ರಲ್ಲಿ. ಪೊಟೆಂಪಾ ಎಂಬ ಹಳ್ಳಿಯಲ್ಲಿ ನಾಜಿಗಳು ಒಬ್ಬ ಕಾರ್ಮಿಕನನ್ನು ತಾಯಿಯ ಕಣ್ಣೆದುರೇ ತುಳಿದು ಕೊಂದರು. ಮರಣದಂಡನೆಯ ತೀರ್ಪು ಪಡೆದ ಹಂತಕರಿಗೆ ಹಿಟ್ಲರ್ ಬೆಂಬಲದ ತಂತಿ ಕಳಿಸಿದ. ಹಾನ್ ಸುಮ್ಮನಿರಲಿಲ್ಲ. ನಾಜಿ ಪಡೆ ಸೇರಿದ್ದ ಹಳೇ ವಿದ್ಯಾರ್ಥಿಗಳಿಗೆ ಪತ್ರ ಬರೆದು, ಒಂದೋ ಹಿಟ್ಲರ್‌ನನ್ನು ಬಿಡಿ, ಇಲ್ಲವೇ ಸಾಲೆಮ್ ಬಿಡಿ ಎಂದರು. ಯಹೂದಿ ಮನೆತನದಲ್ಲಿ ಹುಟ್ಟಿದ ಮೇಷ್ಟ್ರು ಆ ಹೊತ್ತಿನಲ್ಲಿ ಹೀಗೆ ಬರೆಯಬೇಕಾದರೆ ಎಂಥ ಗುಂಡಿಗೆ ಬೇಕು!

1933ರ ಮಾರ್ಚ್‌ನಲ್ಲಿ ಅವರ ಬಂಧನವಾಯಿತು. ಬ್ರಿಟನ್ನಿನ ಗೆಳೆಯರು ಒತ್ತಡ ತಂದ ಮೇಲೆ ಬಿಡುಗಡೆಯಾಗಿ ಅಲ್ಲಿಗೇ ಹೋದರು. 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆ ಕಟ್ಟಿದರು. ಸಾಲೆಮ್‌ನಲ್ಲಿ ಸ್ವಲ್ಪ ಕಾಲ ಓದಿದ್ದ ಒಬ್ಬ ಹುಡುಗ ಅಲ್ಲಿಗೂ ಬಂದ. ಮುಂದೆ ರಾಣಿ ಎಲಿಜಬೆತ್ ಅವರನ್ನು ಮದುವೆಯಾದ ಫಿಲಿಪ್ ಆತನೇ.

ಸಾಲೆಮ್ ಮಾತ್ರ ನಾಜಿ ಆಡಳಿತದ ಜೊತೆ ಹೊಂದಿಕೊಂಡೇ ಉಳಿಯಿತು. ಸ್ಥಾಪಕನ ಧೈರ್ಯವನ್ನು ಇಡೀ ಶಾಲೆಯ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಶಾಲೆ ಹೊಸದಾಗಿ ಶುರುವಾಯಿತು. ಬಾಡೆನ್ ಮನೆತನದ ಅರಮನೆಯಾಗಿದ್ದ ಈ ಮಠದ ಹೆಚ್ಚಿನ ಭಾಗವನ್ನು 2009ರಲ್ಲಿ ರಾಜ್ಯ ಸರ್ಕಾರ ಕೊಂಡುಕೊಂಡಿತು. ಶಾಲೆ ಈಗ ಅಲ್ಲಿ ಬಾಡಿಗೆದಾರ.

ಉಳ್ಳವರ ಮಕ್ಕಳನ್ನು 'ನಾವು ದೊಡ್ಡವರು' ಎಂಬ ಭಾವದಿಂದ ಬಿಡಿಸಬೇಕು ಎನ್ನುವುದು ಹಾನ್ ಹಾಕಿಕೊಟ್ಟ ನಿಯಮಗಳಲ್ಲೊಂದು. ಇವತ್ತು ವರ್ಷದ ಶುಲ್ಕವೇ 40,000 ಯೂರೋ ದಾಟುತ್ತದೆ. ವಿದ್ಯಾರ್ಥಿವೇತನ ಇದೆ ನಿಜ. ಆದರೂ ಆ ನಿಯಮ ಉಳಿಯಬೇಕಾದರೆ ಅಂಥ ಸೀಟುಗಳು ಇನ್ನೂ ಹೆಚ್ಚಬೇಕು.