ಹೊರಗಿನ ಗೇಟಿನ ಕುದುರೆ

ಬೆಳಗ್ಗೆ ಮಂಗಳಾ ಕ್ರೀಡಾಂಗಣದಲ್ಲಿ ನಾನೂ ನನ್ನ ಗೆಳೆಯನೂ ಮಾತಾಡುತ್ತಾ ಸುತ್ತು ಹಾಕುತ್ತೇವೆ. ನಾನು ಒಳಬದಿ, ಅವನು ಹೊರಬದಿ. ತಿರುವಿನಲ್ಲಿ ಅವನ ಕಾಲು ಚುರುಕಾಗಬೇಕು, ಇಲ್ಲದಿದ್ದರೆ ಹಿಂದೆ ಬೀಳುತ್ತಾನೆ. ಒಂದು ದಿನ ಅವನಿಗೆ ಸಿಟ್ಟು ಬಂತು. "ಎಂತ ಮಾರಾಯಾ, ದಿನಾ ನಾನೇ ಜಾಸ್ತಿ ನಡೀಬೇಕಾ?"

ಹೌದು, ಜಾಸ್ತಿಯೇ. ನನಗಿಂತ ಒಂದು ಮೀಟರ್ ಹೊರಗಿದ್ದರೆ ಒಂದು ಸುತ್ತಿಗೆ ಸುಮಾರು 6.3 ಮೀಟರ್ ಹೆಚ್ಚು. ಮಜಾ ಏನೆಂದರೆ, ಮೈದಾನ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಭೂಮಿಯಷ್ಟು ಸುತ್ತಳತೆಯ ಮೈದಾನಕ್ಕೇ ನಾವಿಬ್ಬರೂ ಹೀಗೇ ಒಂದು ಸುತ್ತು ಬಂದರೂ ಅವನಿಗೆ ಹೆಚ್ಚಾಗುವುದು ಅದೇ 6.3 ಮೀಟರ್!

ಓಟಗಾರರಿಗೆ ಇದಕ್ಕೆ ಪರಿಹಾರ ಉಂಟು. 400 ಮೀಟರ್ ಓಟದಲ್ಲಿ ಎರಡನೇ ಲೇನಿನವನನ್ನು 7.04 ಮೀಟರ್ ಮುಂದೆ ನಿಲ್ಲಿಸುತ್ತಾರೆ. ಕುದುರೆಗಳಿಗೆ ಆ ಭಾಗ್ಯವಿಲ್ಲ. ಎಲ್ಲವೂ ಓಟ ಶುರುವಾಗುವ ಜಾಗದ ಗೇಟುಗಳೊಳಗೆ, ಒಂದಕ್ಕೊಂದು ಗೇಟಿನಂತೆ, ಒಂದೇ ಸಾಲಲ್ಲಿ ನಿಲ್ಲಬೇಕು. ಅರ್ಧ ಸುತ್ತಿನ ತಿರುವನ್ನು ನಾಲ್ಕು ಮೀಟರ್ ಹೊರಗಿನಿಂದ ಓಡಿದ ಕುದುರೆಗೆ ಹನ್ನೆರಡೂವರೆ ಮೀಟರ್ ದಂಡ. ಅಂದರೆ ಸುಮಾರು ಐದು ಕುದುರೆಯ ಉದ್ದ. ಮೂಗಿನಷ್ಟು ಅಂತರದಲ್ಲಿ ಸೋಲು ಗೆಲುವು ತೀರ್ಮಾನವಾಗುವ ಆಟದಲ್ಲಿ ಇದು ಸಣ್ಣದಲ್ಲ ಅಲ್ವಾ?

ಹಾಗಾದರೆ ಎಲ್ಲಕ್ಕಿಂತ ಒಳಗಿನ ಒಂದನೇ ಗೇಟಿನ ಕುದುರೆಯೇ ಯಾವಾಗಲೂ ಗೆಲ್ಲಬೇಕಿತ್ತು. ಗೆಲ್ಲುವುದಿಲ್ಲ. ಕುದುರೆಗೆ ಲೇನ್ ಇಲ್ಲವಲ್ಲ! ಜಾಗ ಸಿಕ್ಕರೆ ಜಾಕಿ, ಅಂದರೆ ಸವಾರ, ಮೆಲ್ಲಗೆ ಒಳಗೆ ಸರಿಯುತ್ತಾನೆ. ಅದಕ್ಕೆ ಸಮಯ ಸಿಗುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ. 1539ರಿಂದ ರೇಸು ನಡೆಯುತ್ತಿರುವ ಇಂಗ್ಲೆಂಡಿನ ಚೆಸ್ಟರ್ ಕೋರ್ಸಿನ ಸುತ್ತು ಬರೀ 1.8 ಕಿಲೋಮೀಟರ್. ಅಲ್ಲಿ ಒಂದು ಕಿಲೋಮೀಟರಿನ ರೇಸು ಅಂದರೆ ಬಹುಪಾಲು ತಿರುವೇ. ಒಳಗೆ ಸರಿಯುವ ಮೊದಲೇ ತಿರುವು ಬಂದುಬಿಡುತ್ತದೆ. ಚೆಸ್ಟರಿನಲ್ಲಿ ಒಳಗಿನ ಗೇಟಿಗೆ ಅಷ್ಟು ಬೆಲೆ ಬಂದದ್ದು ಇದರಿಂದ.

ಅಮೆರಿಕದ ಕೆಂಟಕಿ ಡರ್ಬಿಯಲ್ಲಿ ಕಥೆ ಬೇರೆ. ಮೊದಲ ತಿರುವಿಗೆ ಮುಂಚೆ ಉದ್ದದ ನೇರ ದಾರಿ ಇದೆ. 2008ರಲ್ಲಿ ಬಿಗ್ ಬ್ರೌನ್, 2022ರಲ್ಲಿ ರಿಚ್ ಸ್ಟ್ರೈಕ್, ಈ ಎರಡೂ ಕುದುರೆಗಳು ಕಟ್ಟಕಡೆಯ 20ನೇ ಗೇಟಿನಿಂದ ಹೊರಟು ಗೆದ್ದವು. ಒಂದನೇ ಗೇಟೇ ಅಲ್ಲಿ ಕಷ್ಟ. ಉಳಿದವೆಲ್ಲ ಒಳಗೆ ನುಗ್ಗಿ ಅದನ್ನು ಬೇಲಿಗೆ ಒತ್ತುತ್ತವೆ. 1986ರಲ್ಲಿ ಫರ್ಡಿನೆಂಡ್ ಅಲ್ಲಿಂದ ಗೆದ್ದ ಮೇಲೆ ದಶಕಗಳ ಕಾಲ ಮತ್ತೊಂದು ಗೆಲ್ಲಲಿಲ್ಲ.

ಸುಮ್ನೆ ಗೇಟುವಾರು ಗೆಲುವು ಎಣಿಸಿದರೆ ಮೋಸ ಹೋಗುತ್ತೇವೆ. 14ನೇ ಗೇಟು ಇರುವುದೇ ಹದಿನಾಲ್ಕು ಕುದುರೆಗಳಾದರೂ ಓಡುವ ರೇಸಿನಲ್ಲಿ. ಅಷ್ಟು ಜನಜಂಗುಳಿಯಲ್ಲಿ ಯಾವ ಕುದುರೆಗಾದರೂ ಗೆಲ್ಲುವ ಸಾಧ್ಯತೆ ಕಡಿಮೆ. ಎಂಟು ಕುದುರೆಯ ರೇಸನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ತಿರುವೇ ಇಲ್ಲದ ನೇರ ಓಟದಲ್ಲಿ? ಅಲ್ಲಿ ನೆಲದ ಮಾತು. ಇದು ನಮ್ಮ ಕಂಬಳದವರಿಗೆ ಹೇಳಿಕೊಡಬೇಕಾಗಿಲ್ಲ. ಗಂತಿನಿಂದ (ಓಟ ಹೊರಡುವ ಜಾಗ) ಮಂಜೊಟ್ಟಿವರೆಗೆ (ಓಟ ಮುಗಿಯುವ ಜಾಗ) ಜೋಡುಕರೆ, ಅಂದರೆ ಅಕ್ಕಪಕ್ಕದ ಎರಡು ಕೆಸರಿನ ಓಟದ ದಾರಿ, ಎರಡೂ ನೇರವೇ. ಆದರೆ ಒಂದು ಕರೆಯ ಕೆಸರು ಕೋಣದ ಕಾಲನ್ನು ಸ್ವಲ್ಪ ಜಾಸ್ತಿ ಹಿಡಿದರೂ ಸಾಕು, ಓಟದ ಲೆಕ್ಕ ತಪ್ಪುತ್ತದೆ. ಹುಲ್ಲಿನ ಕೋರ್ಸಿನಲ್ಲೂ ಹಾಗೇ. ಮಳೆ ಬಂದರೆ ಒಂದು ಬದಿ ಬೇಗ ಬಸಿಯುತ್ತದೆ, ಇನ್ನೊಂದು ಬದಿ ಮೆತ್ತಗಾಗಿಯೇ ಉಳಿಯುತ್ತದೆ. ಓಟಕ್ಕೆ ಮೊದಲು ಜಾಕಿಗಳು ಕೋರ್ಸಿನ ಮೇಲೆ ನಡೆದು, ಹಿಮ್ಮಡಿಯಿಂದ ನೆಲ ಒತ್ತಿ ನೋಡುವುದು ಇದಕ್ಕೇ.