ಬಯೋಟೆಕ್ನಾಲಜಿ ಕೋರ್ಸ್ ಇಲ್ಲದ ಕಾಲೇಜಿಗೆ ಸ್ಟಾರ್ ಕಾಲೇಜು ನೆರವು ಸಿಗುತ್ತದೆಯೇ?

ಪ್ರಶ್ನೆ: ನಾನು ಕುಮಟಾ ಕಡೆಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಬಯೋಟೆಕ್ನಾಲಜಿ ವಿಭಾಗವಿಲ್ಲ. ಪದವಿ ಕಾಲೇಜುಗಳ ವಿಜ್ಞಾನ ಕಲಿಕೆಗೆ ಹಣದ ನೆರವು ಕೊಡುವ ಸ್ಟಾರ್ ಕಾಲೇಜು ಯೋಜನೆಗೆ ಅರ್ಜಿ ಹಾಕಬಹುದೇ?

ಉತ್ತರ: ಹಾಕಬಹುದು. ಹಾಕಲೇಬೇಕು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರಗಳಿಂದಲೂ ಇದೇ ಪ್ರಶ್ನೆ ಬರುತ್ತಲೇ ಇದೆ. ನಾನೂ ಇದೇ ಉತ್ತರ ಬರೆಯುತ್ತಲೇ ಇದ್ದೇನೆ. ಈ ಸಲ ವಿವರವಾಗಿ ಬರೆಯುತ್ತೇನೆ. ದಯವಿಟ್ಟು ಸ್ಟಾಫ್ ರೂಮಿನ ಫಲಕಕ್ಕೆ ಅಂಟಿಸಿ.

ಗೊಂದಲ ಹುಟ್ಟುವುದು ಸುತ್ತೋಲೆಯ ತಲೆಬರಹದಿಂದ. 2008ರಲ್ಲಿ ಯೋಜನೆ ಆರಂಭಿಸಿದ್ದು, ಈಗಲೂ ನಡೆಸುತ್ತಿರುವುದು ಕೇಂದ್ರದ ಜೈವಿಕ ತಂತ್ರಜ್ಞಾನ (ಬಯೋಟೆಕ್ನಾಲಜಿ) ಇಲಾಖೆ. ಆ ಹೆಸರು ಕಂಡ ಕೂಡಲೇ ಕಾಗದ ಸಸ್ಯಶಾಸ್ತ್ರದವರ ಮೇಜಿಗೆ ಹೋಗುತ್ತದೆ. ‘ನಮ್ಮಲ್ಲಿ ಆ ಕೋರ್ಸ್ ಇಲ್ಲ’ ಎಂದು ಅವರು ಫೈಲಿಗೆ ಸೇರಿಸುತ್ತಾರೆ. ಕೊನೆಯ ದಿನಾಂಕ ದಾಟುತ್ತದೆ. ಭೌತಶಾಸ್ತ್ರದವರಿಗೆ ಸುದ್ದಿಯೇ ತಲುಪಿರುವುದಿಲ್ಲ. ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹಣ ಕೊಡುವ ಇಲಾಖೆಯ ಹೆಸರು ಹಣ ಪಡೆಯುವವರ ವಿಷಯವನ್ನು ನಿರ್ಧರಿಸುವುದಿಲ್ಲ. ಯೋಜನೆಯ ಗುರಿ ಪದವಿ ಹಂತದ ಮೂಲ ವಿಜ್ಞಾನ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎಲ್ಲವೂ ಅದರೊಳಗೆ ಬರುತ್ತವೆ, ಮತ್ತು ಹಲವು ವಿಭಾಗಗಳು ಕೂಡಿಯೇ ಪ್ರಸ್ತಾವನೆ ಸಲ್ಲಿಸಬೇಕು.

ಏಕೆ ಕೂಡಬೇಕು ಎನ್ನುವವರು ಅಘನಾಶಿನಿಯ ಅಳಿವೆಗೆ ಹೋಗಿ ಬನ್ನಿ. 2024ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮನ್ನಣೆ ಸಿಕ್ಕಿತು. ಮಳೆಗಾಲದಲ್ಲಿ ಅಲ್ಲಿನ ನೀರು ಎಷ್ಟು ಸಿಹಿಯಾಗುತ್ತದೆ, ಅದರಿಂದ ಬಳಚಿಗೆ (ಅಲ್ಲಿನ ಚಿಪ್ಪುಜೀವಿಗೆ) ಏನಾಗುತ್ತದೆ ಎಂದು ತಿಳಿಯಬೇಕಾದರೆ ರಸಾಯನಶಾಸ್ತ್ರದ ಹುಡುಗಿ ಸಿಲ್ವರ್ ನೈಟ್ರೇಟ್ ಟೈಟ್ರೇಷನ್‌ನಿಂದ ಕ್ಲೋರೈಡ್, ಅಂದರೆ ಉಪ್ಪಿನಂಶ, ಅಳೆಯಬೇಕು. ನಿಮ್ಮ ವಿದ್ಯಾರ್ಥಿ ಅದೇ ನೀರಿನ ವಿದ್ಯುತ್ ವಾಹಕತೆಯನ್ನು ನೋಡಬೇಕು. ಪ್ರಾಣಿಶಾಸ್ತ್ರದವರು ಚಿಪ್ಪು ಎಣಿಸಬೇಕು. ಅಂಕಿಗಳು ನಂಬಲರ್ಹವೇ ಎಂದು ಗಣಿತದವರು ಹೇಳಬೇಕು. ಇಂಥ ಪ್ರಯೋಗಾಲಯ ಮನೆಬಾಗಿಲಲ್ಲಿ ಇರುವ ಕಾಲೇಜುಗಳು ದೇಶದಲ್ಲಿ ಎಷ್ಟಿವೆ? ಬಯೋಟೆಕ್ನಾಲಜಿ ಕೋರ್ಸ್ ಇಲ್ಲ ಎಂದು ನಾವು ಕೈಕಟ್ಟಿ ಕೂರುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹಣ ಉಪಕರಣ, ರಾಸಾಯನಿಕ, ಕ್ಷೇತ್ರ ಪ್ರವಾಸ, ತಜ್ಞರ ಉಪನ್ಯಾಸ, ಅಧ್ಯಾಪಕರ ತರಬೇತಿಗಳಿಗೆ. ಕಟ್ಟಡಕ್ಕಲ್ಲ.

ಪ್ರಸ್ತಾವನೆ ಬರೆದು ಅಭ್ಯಾಸವಿಲ್ಲ ಎಂದು ಹಿಂಜರಿಯುವವರಿಗೆ ಇನ್ನೊಂದು ದಾರಿ ಇದೆ. 2021ರಲ್ಲಿ ಇಲಾಖೆ ಮಾರ್ಗದರ್ಶನ ಕಾರ್ಯಕ್ರಮವನ್ನು ಆರಂಭಿಸಿತು. ಈಗಾಗಲೇ ಪಳಗಿದ ಸ್ಟಾರ್ ಕಾಲೇಜುಗಳು ಹೊಸ ಕಾಲೇಜುಗಳ ಕೈಹಿಡಿದು ನಡೆಸಬೇಕು, ಪ್ರತಿ ಜಿಲ್ಲೆಯಲ್ಲೂ ಒಂದಾದರೂ ಸ್ಟಾರ್ ಕಾಲೇಜು ಇರಬೇಕು ಎಂಬುದು ಅದರ ಆಶಯ. ಗ್ರಾಮೀಣ ಕಾಲೇಜುಗಳಿಗೆ ಪ್ರತ್ಯೇಕ ವರ್ಗವೂ ಇದೆ. ಹಿರಿಯ ಕಾಲೇಜಿಗೆ ಹೋದಾಗ ಬರೀ ಯಂತ್ರಗಳನ್ನು ನೋಡಿ ಬರಬೇಡಿ. ಅವರ ಪ್ರಾಯೋಗಿಕ ತರಗತಿಯಲ್ಲಿ ಕುಳಿತುಕೊಳ್ಳಿ; ಇಪ್ಪತ್ತು ಮಕ್ಕಳಿಗೂ ಕೈಯಾರೆ ಮಾಡುವ ಅವಕಾಶ ಹೇಗೆ ಸಿಗುತ್ತದೆ ಎಂದು ಕೇಳಿ.

ಯಾರೂ ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ: ಬಂದ ಉಪಕರಣ ನಮ್ಮ ಮಳೆಗಾಲವನ್ನು ಹೇಗೆ ದಾಟುತ್ತದೆ? ಕರಾವಳಿಯ ತೇವದಲ್ಲಿ ಸೂಕ್ಷ್ಮದರ್ಶಕದ ಮಸೂರದ ಮೇಲೂ ಬೂಷ್ಟು ಬೆಳೆಯುತ್ತದೆ. ಬಹಳ ದಿನ ಬಿಟ್ಟರೆ ಅದು ಗಾಜಿನ ಲೇಪವನ್ನೇ ತಿನ್ನುತ್ತದೆ. ಆಮೇಲೆ ಎಷ್ಟು ಒರೆಸಿದರೂ ಚಿತ್ರ ಮಸುಕು. ಜೋಪಾನ ಮಾಡುವ ಉತ್ಸಾಹದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದೇ ಅದನ್ನು ಕೆಡಿಸುವ ದಾರಿ. ಹೊರಗೆ ತೆಗೆಯಿರಿ, ಮಕ್ಕಳ ಕೈಗೆ ಕೊಡಿ, ಸಂಜೆ ತೇವ ಹೀರುವ ಸಿಲಿಕಾ ಜೆಲ್ ಜೊತೆಗೆ ಮುಚ್ಚಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಪ್ರಯೋಗಾಲಯದ ಓವನ್‌ನಲ್ಲಿ ಬಿಸಿ ಮಾಡಿ ಮತ್ತೆ ಬಳಸಿ. ಈ ಕೆಲಸವನ್ನು ಅಟೆಂಡರ್‌ಗೂ ಕಲಿಸಿ, ಪ್ರಸ್ತಾವನೆಯ ನಿರ್ವಹಣೆಯ ಭಾಗದಲ್ಲಿ ಇದನ್ನು ಬರೆಯಿರಿ.