ಚೀಟಿಯಲ್ಲಿ ಕಾಯಿಲೆಯ ಹೆಸರು ಬೇಕಿಲ್ಲ

ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಲೈನ್ ಮನೆಯಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಯಿಂದ, ಮಗುವೊಂದು ನನ್ನ ಹತ್ತಿರ ಬಂತು. ವಯಸ್ಸು 3 ದಾಟಿತ್ತು. ಒಂದು ಮಾತೂ ಇಲ್ಲ. ಪರೀಕ್ಷೆ ಮಾಡಿದರೆ ಎರಡೂ ಕಿವಿ ಮಂದ. ಜೊತೆಗೆ ಬಂದಿದ್ದ ಅಂಗನವಾಡಿ ಟೀಚರ್ ಕಣ್ಣೊರೆಸಿಕೊಂಡು ಹೇಳಿದರು: "ಮೇಡಂ, ಒಂದೂವರೆ ವರ್ಷದ್ದಿದ್ದಾಗಲೇ ನನಗೆ ಡೌಟ್ ಬಂದಿತ್ತು. ಆದ್ರೆ ಏನು ಅಂತ ಬರೆದು ಕಳಿಸ್ಲಿ? ನಾನೇನು ಡಾಕ್ಟರಾ?"

ಮಾತು ಮತ್ತು ಶ್ರವಣದ ಕೆಲಸಕ್ಕೆ ಬಂದ ದಿನದಿಂದ ಈ ಮಾತು ಕೇಳುತ್ತಿದ್ದೇನೆ. ಟೀಚರ್ ಹೇಳುತ್ತಾರೆ, ಆಶಾ ಕಾರ್ಯಕರ್ತೆ ಹೇಳುತ್ತಾರೆ. ಬೇಸರದ ಸಂಗತಿ ಎಂದರೆ ಕೆಲವು ಡಾಕ್ಟರುಗಳೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: "ಇನ್ನೂ ಖಚಿತ ಇಲ್ಲ, ಆರು ತಿಂಗಳು ನೋಡೋಣ." ಖಚಿತ ಮಾಡುವುದಕ್ಕೇ ಅಲ್ವಾ ನಾವಿರುವುದು?

ತೋಟದಲ್ಲಿ ಅರೇಬಿಕಾ ಕಾಫಿ ಗಿಡದ ಎಲೆ ಹಳದಿಯಾದರೆ ಕೆಲಸದವರು ಅವತ್ತೇ ತೋಟದ ಮೇಲ್ವಿಚಾರಣೆಯ ರೈಟರಿಗೆ ಹೇಳುತ್ತಾರೆ. ಬಿಳಿ ಕಾಂಡಕೊರಕ ಹುಳು ಹೌದೋ ಅಲ್ಲವೋ ಎಂದು ತಾವೇ ತೀರ್ಮಾನ ಮಾಡಿಕೊಂಡು ಆಮೇಲೆ ಹೇಳೋಣ ಎಂದು ಕೂರುವುದಿಲ್ಲ. ಮಗುವಿನ ವಿಷಯದಲ್ಲಿ ಮಾತ್ರ ಯಾಕೆ ಕೂರುತ್ತೇವೆ? ಪರೀಕ್ಷೆಗೆ ಕಳಿಸುವುದು ಬೇರೆ, ಕಾಯಿಲೆ ಗುರುತಿಸುವುದು ಬೇರೆ. ನೀವು ಕಳಿಸಿದರೆ ಮಗುವಿಗೆ ಅಂಗವಿಕಲ ಎಂಬ ಹೆಸರು ಅಂಟುವುದಿಲ್ಲ. ನಿಮ್ಮ ಅನುಮಾನ ಸುಳ್ಳಾದರೆ ಯಾರೂ ನಿಮ್ಮನ್ನು ಬೈಯುವುದಿಲ್ಲ. "ಏನೂ ತೊಂದರೆ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದು ಹೇಳುವ ದಿನ ನನಗೂ ಊಟ ರುಚಿಸುತ್ತದೆ.

ತಡವಾಗಿ ಮಾತಾಡುವ ಮಕ್ಕಳಿಗೆಲ್ಲ ತೊಂದರೆ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ. ಆದರೆ ಯಾವ ಮಗು ಸರಿಹೋಗುತ್ತದೆ, ಯಾವುದು ಇಲ್ಲ ಎಂದು ಸುಮ್ನೆ ನೋಡಿ ಹೇಳಲು ನನಗೂ ಬರುವುದಿಲ್ಲ.

ಮನೆಯವರು ತಟ್ಟೆ ಬಡಿದು ನೋಡಿರುತ್ತಾರೆ. "ತಿರುಗಿದ ಮೇಡಂ, ಕಿವಿ ಚೆನ್ನಾಗಿದೆ." ಬಡಿಯುವವರ ನೆರಳು ಕಂಡೂ ಮಗು ತಿರುಗಬಹುದು. ಕಿವಿ ಅರ್ಧ ಮಂದ ಇರುವ ಮಗುವಿಗೆ ತಟ್ಟೆಯ ಸದ್ದು, ಜೀಪಿನ ಸದ್ದು ಕೇಳಬಹುದು, ಮಾತು ಕೇಳದೇ ಇರಬಹುದು. ಅದಕ್ಕೆ ಓಎಇ ಎಂಬ ಪರೀಕ್ಷೆ ಇದೆ. ಹುಟ್ಟಿದ ಕೂಸು ನಿದ್ದೆಯಲ್ಲಿರುವಾಗಲೇ ಕಿವಿಗೆ ಪುಟ್ಟ ಬಿರಡೆಯಂಥದ್ದು ಇಟ್ಟು ಕೆಲವೇ ನಿಮಿಷದಲ್ಲಿ ಮಾಡಬಹುದು, ನೋವಿಲ್ಲ. ನಮ್ಮಲ್ಲಿ 1-3-6 ಎಂಬ ಲೆಕ್ಕವಿದೆ. 1 ತಿಂಗಳೊಳಗೆ ಈ ತಪಾಸಣೆ, 3 ತಿಂಗಳೊಳಗೆ ತೊಂದರೆ ಏನೆಂದು ಖಚಿತ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಸುಂಟಿಕೊಪ್ಪದ ಆ ಮಗು ಬಂದದ್ದು ಯಾವಾಗ ಎಂದು ಇನ್ನೊಮ್ಮೆ ನೋಡಿ.

ಕೊಡಗಿನಲ್ಲಿ ಇನ್ನೊಂದು ಮಾತು ಜಾಸ್ತಿ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಪಕ್ಕದ ಮನೆಯಲ್ಲಿ ಮಲಯಾಳ, ಅಂಗನವಾಡಿಯಲ್ಲಿ ಕನ್ನಡ. "ಅಷ್ಟೊಂದು ಭಾಷೆ ಕೇಳಿ ಗೊಂದಲ ಆಗಿದೆ" ಎನ್ನುತ್ತಾರೆ. ಇಲ್ಲ. ಹಲವು ಭಾಷೆ ಕೇಳಿ ಬೆಳೆಯುವುದರಿಂದ ಮಾತು ನಿಂತುಹೋಗುವುದಿಲ್ಲ. ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಎಣಿಸಿ. 2 ವರ್ಷ ತುಂಬಿದರೂ ಎರಡು ಪದ ಜೋಡಿಸದಿದ್ದರೆ ಕರೆದುಕೊಂಡು ಬನ್ನಿ. ಬಂದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ಕಾಯಬೇಡಿ.

ಕಾಯಲು ನಮ್ಮ ಊರಲ್ಲಿ ಕಾರಣಗಳಿಗೆ ಬರವಿಲ್ಲ. ಮಳೆ ಬಿಡಲಿ. ಪುತ್ತರಿ ಹಬ್ಬ ಕಳೆಯಲಿ. ಕಾಫಿ ಕೊಯ್ಲು ಮುಗಿಯಲಿ. ಕೊಯ್ಲಿನಲ್ಲಿ ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಗುತ್ತದೆ, ಅದು ನನಗೆ ಗೊತ್ತು. ಲೈನ್ ಮನೆಯ ತಾಯಂದಿರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇಷ್ಟೆಲ್ಲ ಕಳೆಯುವಷ್ಟರಲ್ಲಿ ವರ್ಷ ಆಗಿರುತ್ತದೆ. ಅವರನ್ನು ಬೇಗ ಹೊರಡಿಸುವ ಶಕ್ತಿ ಇರುವುದು ಟೀಚರ್ ಮತ್ತು ಆಶಾ ಅವರಿಗೇ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬರಬೇಕು. ಅವರಿಗೆ ತೋರಿಸಿ. ತಂಡ ಬರುವುದು ತಡ ಎಂದಾದರೆ ಅಲ್ಲಿಯವರೆಗೆ ಇಟ್ಟುಕೊಳ್ಳಬೇಡಿ. ಹತ್ತಿರದ ಆರೋಗ್ಯ ಕೇಂದ್ರದಿಂದ ಚೀಟಿ ಬರೆಸಿ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಕಿವಿ, ಮಾತಿನ ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ನನಗೆ ಬಂದ ಚೀಟಿಗಳಲ್ಲಿ ಒಂದನ್ನು ಇಟ್ಟುಕೊಂಡಿದ್ದೇನೆ. ಸೋಮವಾರಪೇಟೆ ಕಡೆಯ ಒಬ್ಬ ಟೀಚರ್ ನೋಟ್ ಬುಕ್ಕಿನ ಹಾಳೆ ಹರಿದು ಬರೆದದ್ದು: "10 ತಿಂಗಳು. ಹೆಸರು ಕರೆದರೆ ನೋಡುವುದಿಲ್ಲ. ಆಟಕ್ಕೆ ಎಡಗೈ ಮಾತ್ರ, ಬಲಗೈ ಮುಷ್ಟಿ ಬಿಚ್ಚುವುದಿಲ್ಲ. ದಯವಿಟ್ಟು ನೋಡಿ." ಕಾಯಿಲೆಯ ಹೆಸರೇ ಇಲ್ಲ. 1 ವರ್ಷದೊಳಗೆ ಒಂದೇ ಕೈ ಬಳಸುವುದು ಯೋಚಿಸಬೇಕಾದ ವಿಷಯ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಕಂಡದ್ದನ್ನು ಬರೆದಿದ್ದರು. ಕೈಗೆ ಫಿಸಿಯೋಥೆರಪಿ, ಕಿವಿಗೆ ಪರೀಕ್ಷೆ, ಎರಡೂ ಅದೇ ವಾರ ಶುರುವಾದವು.